ಐಸ್ ಫ್ಯಾಕ್ಟರಿ ಇಂಜಿನ್ನಿನ ತವರು

ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಅವನನ್ನು ಎಲ್ಲರೂ ಗವರ್ನರ್ ಎಂದೇ ಕರೆಯುತ್ತಿದ್ದರು. ಇಂಜಿನ್ನಿನ ವೇಗ ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಹಿಡಿದಿಡುವ, ಎರಡು ಕಬ್ಬಿಣದ ಗುಂಡುಗಳು ಗಿರಗಿರ ಸುತ್ತುವ ಭಾಗವೊಂದಿರುತ್ತದೆ. ಅದಕ್ಕೆ ಗವರ್ನರ್ ಎನ್ನುತ್ತಾರೆ. ಅದು ಕೈಕೊಟ್ಟಾಗಲೆಲ್ಲ ಬಿಚ್ಚಿ, ಒರೆಸಿ, ಮತ್ತೆ ದಾರಿಗೆ ತರುವುದು ಇವನೊಬ್ಬನಿಂದಲೇ ಆಗುತ್ತಿದ್ದುದರಿಂದ ಆ ಹೆಸರು ಇವನಿಗೇ ಅಂಟಿಕೊಂಡಿತು. ಹೊಸದಾಗಿ ಬಂದ ಅಂಚೆಯವನೊಬ್ಬ ಗವರ್ನರ್ ಮನೆ ಎಲ್ಲಿ ಎಂದು ಕೇಳಿಕೊಂಡು, ಬಾಗಿಲಲ್ಲಿ ಪಹರೆ ಇರಬಹುದೆಂಬ ಅಂಜಿಕೆಯಿಂದ ಸೈಕಲ್ಲನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು ಬಂದಿದ್ದನಂತೆ. ಬಾಗಿಲು ತೆರೆದವನು ಬನಿಯನ್ನಿನಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಆಸಾಮಿ. ಈ ಕಥೆಯನ್ನು ಊರಿಗೆಲ್ಲ ಹೇಳಿದವನೂ ಗವರ್ನರನೇ. ಅಂಚೆಯವನನ್ನು ಕೇಳಿದರೆ ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಿದ್ದ.

ಅವನಿಗೆ ಊಟವಿಲ್ಲದಿದ್ದರೂ ನಡೆಯುತ್ತಿತ್ತು, ಮಾತಿಲ್ಲದೆ ನಡೆಯುತ್ತಿರಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಇದ್ದೂ ಇದ್ದೂ ಗಂಟಲು ದೊಡ್ಡದಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. “ನಿಧಾನವಾಗಿ ಮಾತಾಡಿ, ಪಕ್ಕದ ಮನೆಯವಳು ಉಪ್ಪು ತಂದುಕೊಡ್ತಾಳೆ ಈಗ” ಎಂದು ಹೆಂಡತಿ ಗದರುತ್ತಿದ್ದಳು.

ಆ ಇಂಜಿನ್ ಹಳೇ ಕಾಲದ್ದು. ಆಳೆತ್ತರದ ಗಾಲಿ, ಒಂದೇ ಸಿಲಿಂಡರು, ಅದರ ತುದಿಯಲ್ಲಿ ಬೋಳುಮಂಡೆಯಂಥ ಕಬ್ಬಿಣದ ಗುಂಡು. ಬೆಳಿಗ್ಗೆ ಎದ್ದು ಆ ಗುಂಡನ್ನು ಬ್ಲೋಲ್ಯಾಂಪಿನ ಉರಿಯಲ್ಲಿ ಕೆಂಪಗಾಗುವವರೆಗೆ ಕಾಯಿಸಬೇಕು. ಆಮೇಲೆ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ತೂಗಿ, ಹದ ನೋಡಿ ಒಮ್ಮೆ ತಳ್ಳಿದರೆ ‘ಡುಬ್’ ಎಂದು ಕೆಮ್ಮಿ ಎದ್ದು ಓಡತೊಡಗುತ್ತಿತ್ತು. “ಬೇರೆಯವರಿಗೆ ತಲೆ ಬಿಸಿ ಆದ್ರೆ ಕೆಲಸ ಕೆಡುತ್ತೆ. ಇದಕ್ಕೆ ತಲೆ ಬಿಸಿ ಆಗದೆ ಕೆಲಸವೇ ಹತ್ತಲ್ಲ. ಥೇಟ್ ನಮ್ಮ ಯಜಮಾನರ ಥರ” ಎಂದು ಅವನು ಹೇಳಿದರೆ, ಐಸಿಗಾಗಿ ಕಾಯುತ್ತ ನಿಂತ ಗಾಡಿಯವರು, ದೋಣಿಯವರು ಎಲ್ಲ ನಗುತ್ತಿದ್ದರು.

ಇಂಜಿನ್ನಿನ ಮೈಮೇಲೆ ಎಲ್ಲೂ ಹೆಸರಿರಲಿಲ್ಲ. ಹೆಸರಿನ ಫಲಕ ಕಳಚಿ ಬಿದ್ದಿದ್ದರೆ ಮೊಳೆಯ ತೂತಾದರೂ ಇರಬೇಕಿತ್ತು, ಅದೂ ಇರಲಿಲ್ಲ. ಹಾಗಾಗಿ ಕಾಯುವವರಿಗೆ ಹೊತ್ತು ಹೋಗದಾಗ ಒಂದೇ ಪ್ರಶ್ನೆ: “ಗವರ್ನರೇ, ಇದು ಯಾವ ದೇಶದ್ದು?” ಕೇಳಿದವನ ಮುಖ ನೋಡಿಕೊಂಡು ಅವನು ಉತ್ತರ ಕೊಡುತ್ತಿದ್ದ. ಒಬ್ಬನಿಗೆ, ಯಾವುದೋ ದೊರೆಯ ತೋಟದ ಕಾರಂಜಿಗೆ ನೀರು ಹಾರಿಸಲು ತರಿಸಿದ್ದು. ಇನ್ನೊಬ್ಬನಿಗೆ, ಯುದ್ಧದಲ್ಲಿ ಸೋತವರು ಎತ್ತಲಾರದೆ ಬಿಟ್ಟು ಓಡಿದ್ದು. ಎಲ್ಲಕ್ಕಿಂತ ರುಚಿಯಾಗಿ ಹೇಳುತ್ತಿದ್ದುದು ಹಡಗಿನ ಕಥೆ. ದೂರದ ಹಿಮದ ನಾಡಿನಿಂದ ಬರುತ್ತಿದ್ದ ಹಡಗು ಬಂದರಿನ ಬಾಯಲ್ಲಿ ಮುಳುಗಿದ್ದು, ಮುಳುಗುಗಾರರು ಹಗ್ಗ ಕಟ್ಟಿ ಇಂಜಿನ್ನನ್ನು ಮೇಲೆತ್ತಿದ್ದು, ತಲೆಯೊಳಗೆ ಇನ್ನೂ ಒಂದು ಮೀನು ಒದ್ದಾಡುತ್ತಿದ್ದುದು. ಅವನ ಒಬ್ಬಳೇ ಮಗಳು ಶಾಲೆಗೆ ಹೋಗುವಾಗ ಅಪ್ಪನಿಗೆ ಬುತ್ತಿ ಕೊಡಲು ಬಂದು ಈ ಕಥೆಯನ್ನು ಎಷ್ಟು ಸಲ ಕೇಳಿದ್ದಳೋ. ಮೀನು ಬರುವ ಜಾಗದಲ್ಲಿ ಅವಳೇ ಮುಂದಾಗಿ ಹೇಳಿಬಿಡುತ್ತಿದ್ದಳು.

ನಿಜಸಂಗತಿ ಇದಕ್ಕಿಂತ ಸಪ್ಪೆ. ಆ ಇಂಜಿನ್ ಹುಟ್ಟಿದ್ದು ಅದೇ ಊರಿನಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಒಂದು ಎರಕದ ಮನೆಯಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಗವರ್ನರ್ ಅಲ್ಲಿ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದ್ದ. ಒಮ್ಮೆ ಎಲ್ಲಿಂದಲೋ ಒಂದು ಹೊರದೇಶದ ಇಂಜಿನ್ ರಿಪೇರಿಗೆ ಬಂತು. ಅದನ್ನು ಬಿಚ್ಚಿ ಹರಡಿಕೊಂಡು ಕೂತ ಎರಕದ ಮನೆಯ ಯಜಮಾನನಿಗೆ, ಇದನ್ನು ಮಾಡಿದವರಿಗೂ ಎರಡೇ ಕೈ, ನಮಗೂ ಎರಡೇ ಕೈ ಅನ್ನಿಸಿತು. ಅಲ್ಲಿ ಒಬ್ಬ ಮುದುಕ ಬಡಗಿಯಿದ್ದ. ಎಲ್ಲರೂ ಅಚ್ಚಿನ ಮಾವ ಎನ್ನುತ್ತಿದ್ದರು. ಅವನು ಒಂದೊಂದು ಭಾಗವನ್ನೂ ಅಳೆದು, ಅದೇ ಆಕಾರವನ್ನು ಮರದಲ್ಲಿ ಕೆತ್ತಿದ. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ, ತೆಗೆದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ದರು. ಇಂಜಿನ್ ಕೂರುವ ಮೊದಲ ಪೀಠ ಆರುವಾಗ ಬಿರುಕುಬಿಟ್ಟಿತು. ಆಮೇಲಿನದರ ಒಳಗೆ ಗಾಳಿಗುಳ್ಳೆ. ಎಲ್ಲರ ಮುಖವೂ ಬೂದಿಯಾಗಿತ್ತು. ಕಡೆಗೆ ಒಂದು ಎರಕ ಸರಿಬಂದ ದಿನ ಅಚ್ಚಿನ ಮಾವ ಇನ್ನೂ ಬೆಚ್ಚಗಿದ್ದ ಪೀಠಕ್ಕೆ ಕಿವಿಯಿಟ್ಟು, ಗೆಣ್ಣಿನಿಂದ ತಟ್ಟಿ ನೋಡಿ, “ಬಿರುಕಿಲ್ಲ ಕಣ್ರೋ, ಗಂಟೆ ಥರ ಅಂತಾ ಇದೆ” ಎಂದವನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಿದ್ದ.

ಕೊಂಡವನು ಐಸ್ ಫ್ಯಾಕ್ಟರಿಯ ಮೊದಲ ಯಜಮಾನ. ಅವನದೊಂದೇ ಷರತ್ತು: “ಹೆಸರು ಹಾಕಬೇಡಿ. ಇಲ್ಲೇ ಮಾಡಿದ್ದು ಅಂದ್ರೆ ಪಾಲುದಾರರು ಓಡಿಹೋಗ್ತಾರೆ. ಹೊರಗಿಂದ ಬಂದದ್ದು ಅಂತಲೇ ಇರಲಿ.” ಎರಕದ ಮನೆಯ ಯಜಮಾನ ಮುಖ ಆ ಕಡೆ ತಿರುಗಿಸಿಕೊಂಡು ಹೂಂ ಎಂದ. ಓಡಿಸಲು ಬಲ್ಲವನೊಬ್ಬ ಬೇಕಿತ್ತಲ್ಲ, ಅದಕ್ಕೆ ಗವರ್ನರನನ್ನೂ ಇಂಜಿನ್ನಿನ ಜೊತೆಗೇ ಕಳಿಸಿಕೊಟ್ಟರು. “ಬಾಯಿಗೆ ಬೀಗ ಹಾಕ್ಕೊಂಡಿರು” ಎಂದು ಹೇಳಿಯೇ ಕಳಿಸಿದರು. ಬೀಗ ಹಾಕಿದ ಬಾಯಿ ಸುಮ್ಮನಿರಬೇಕಲ್ಲ. ನಿಜ ಹೇಳುವಂತಿಲ್ಲ, ಮಾತಾಡದೆ ಇರಲಾರ; ಕಥೆಗಳು ಹುಟ್ಟಿಕೊಂಡವು.

ವರ್ಷಗಳು ಉರುಳಿದವು. ಎರಕದ ಮನೆ ಮುಚ್ಚಿತು. ಅಚ್ಚಿನ ಮಾವ ಹೋದ, ಎರಡೂ ಕಡೆಯ ಯಜಮಾನರು ಹೋದರು, ಬೀಗ ಹಾಕಿದವರು ಯಾರೂ ಉಳಿಯಲಿಲ್ಲ. ಈಗ ನಿಜ ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಹಡಗಿನ ಕಥೆ ಊರಿನ ಬಾಯಲ್ಲಿ ಪಳಗಿಹೋಗಿತ್ತು. ಅದನ್ನು ಒಡೆಯಲು ಅವನಿಗೇ ಮನಸ್ಸಾಗಲಿಲ್ಲ. ಒಂದು ದಿನ ಪುರುಸೊತ್ತಾಗಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೇಳಿದರಾಯಿತು, ಎಲ್ಲಿಗೆ ಹೋಗುತ್ತದೆ ಮಾತು, ಬಾಯಲ್ಲೇ ಇದೆಯಲ್ಲ ಎಂದುಕೊಂಡಿದ್ದ.

ಮಾತು ಹೋದದ್ದು ಒಂದು ಬೆಳಿಗ್ಗೆ, ಗಡ್ಡ ಕೆರೆದುಕೊಳ್ಳುತ್ತಿದ್ದಾಗ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಬ್ಲೇಡು ಕೈಯಿಂದ ಜಾರಿ ಬಚ್ಚಲಿಗೆ ಬಿತ್ತು. ಅದನ್ನು ಎತ್ತಿಕೊಳ್ಳೋಣವೆಂದರೆ ಬಲಗೈ ಇವನ ಮಾತು ಕೇಳದೆ ಪರರ ಕೈಯ ಹಾಗೆ ತೂಗಾಡುತ್ತಿತ್ತು. ಅಲ್ಲೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟಾಗ ಬಾಯಾರಿತ್ತು. ನೀರು ಕೇಳಬೇಕೆಂದು ಬಾಯಿ ತೆರೆದ. ಹೊರಬಂದದ್ದು, “ಹಾಗಲ್ಲ.”

“ಏನು ಹಾಗಲ್ಲ? ಸರಿಯಾಗಿ ಮಲಗಿಸಬೇಕಾ?” ಎಂದಳು ಹೆಂಡತಿ.

“ಹಾಗಲ್ಲ” ಎಂದ. ಅವನು ಹೇಳಹೊರಟದ್ದು ನೀರು, ನೀರು ಎಂದೇ.

ಡಾಕ್ಟರು ಅವಳನ್ನೂ ಮಗಳನ್ನೂ ಪಕ್ಕಕ್ಕೆ ಕರೆದು, ಅವನಿಗೂ ಕೇಳಿಸುವ ಹಾಗೆಯೇ ವಿವರಿಸಿದರು. ಕೇಳಿದ್ದು ಅರ್ಥವಾಗುತ್ತದೆ, ಆದರೆ ಮಾತು ಹೊರಗೆ ಬರುವ ದಾರಿ ಕಟ್ಟಿಕೊಂಡಿದೆ, ಕೆಲವರಿಗೆ ಹೀಗೆ ಒಂದೇ ಪದ ಉಳಿದುಬಿಡುತ್ತದೆ, ಯಾವುದು ಅಂತ ಹೇಳಲಾಗುವುದಿಲ್ಲ. “ಕೆಲವರಿಗೆ ಬೈಗುಳ ಉಳಿಯುತ್ತೆ. ನಿಮ್ಮ ಪುಣ್ಯ” ಎಂದು ನಕ್ಕರು. ಬರೆದಾದರೂ ತೋರಿಸೋಣವೆಂದರೆ ಅಕ್ಷರಗಳೆಲ್ಲ ಎಲ್ಲೋ ನೋಡಿದ ಮುಖಗಳ ಹಾಗೆ ಕಾಣುತ್ತಿದ್ದವು, ಹೆಸರು ಮಾತ್ರ ನೆನಪಾಗುತ್ತಿರಲಿಲ್ಲ. ತಲೆ ಆಡಿಸುವುದರಲ್ಲೂ ಎಡವಟ್ಟು. ಹೌದು ಅನ್ನಲು ಹೊರಟ ತಲೆ ದಾರಿತಪ್ಪಿ ಅಡ್ಡಡ್ಡ ಅಲ್ಲಾಡಿಬಿಡುತ್ತಿತ್ತು.

ಮನೆಗೆ ಬಂದ ಮೇಲೆ ಅವನ ಬದುಕೆಲ್ಲ ಆ ಒಂದು ಪದಕ್ಕೆ ಬಂದು ನಿಂತಿತು. ಕಾಫಿ ಸರಿಯಾಗಿದೆ ಅನ್ನುವುದಕ್ಕೂ ಹಾಗಲ್ಲ, ಫ್ಯಾನು ಹಾಕು ಅನ್ನುವುದಕ್ಕೂ ಹಾಗಲ್ಲ. ನೋಡಲು ಬಂದವರು ಮೊದಮೊದಲು ಗಾಬರಿಯಾಗಿ, “ಹೇಗೆ ಮತ್ತೆ?” ಎನ್ನುತ್ತಿದ್ದರು, ಆಮೇಲೆ ರೂಢಿಯಾಗಿ, “ಆಯ್ತಾಯ್ತು” ಎಂದು ಮಂಡಿ ತಟ್ಟಿ ಎದ್ದುಹೋಗುತ್ತಿದ್ದರು. ಹೆಂಡತಿ ಮಾತ್ರ ಸ್ವಲ್ಪ ಸ್ವಲ್ಪವಾಗಿ ಅದರ ರಾಗ ಕಲಿತಳು. ಮೊಟಕಾಗಿ ಕತ್ತರಿಸಿದಂತೆ ಬಂದರೆ ಬೇಸರ. ಎಳೆದರೆ ಏನೋ ಬೇಕು. ಮೆತ್ತಗೆ ಬಂದರೆ ಸುಮ್ಮನೆ ಅವಳನ್ನು ಕರೆದದ್ದು. “ಮೊದಲು ನೂರು ಮಾತಾಡ್ತಿದ್ರು, ಒಂದೂ ನಂಬೋ ಹಾಗಿರಲಿಲ್ಲ. ಈಗ ಒಂದೇ ಮಾತು, ಅದನ್ನೇ ನೂರು ಥರ ತಿಳ್ಕೋಬೇಕು” ಎಂದು ಮಗಳ ಹತ್ತಿರ ಹೇಳಿ ನಕ್ಕಳು. ನಗುತ್ತಿದ್ದ ಮುಖ ನಡುವೆಯೇ ಬೇರೇನೋ ಆಯಿತು, ಎದ್ದು ಅಡುಗೆಮನೆಗೆ ಹೋದಳು.

ಅಷ್ಟರಲ್ಲಿ ಐಸ್ ಫ್ಯಾಕ್ಟರಿಯೂ ಮುಚ್ಚಿತು. ಕರೆಂಟಿನ ಯಂತ್ರಗಳು ಬಂದ ಮೇಲೆ ಹಳೇ ಇಂಜಿನ್ ಬಹಳ ದಿನದಿಂದ ಮೂಲೆಗುಂಪಾಗಿತ್ತು. ಈಗಿನ ಯಜಮಾನ, ಮೊದಲಿನವನ ಮೊಮ್ಮಗ, ಜಾಗವನ್ನೇ ಮಾರಿದ. ಇಂಜಿನ್ನನ್ನು ಗುಜರಿಯವನಿಗೆ ತೂಕಕ್ಕೆ ಕೊಡುವುದೆಂದಾಗಿತ್ತು. ಅಷ್ಟರಲ್ಲಿ ಯಾರೋ ದೊಡ್ಡ ಊರಿನ ಯಂತ್ರಗಳ ಮ್ಯೂಸಿಯಂಗೆ ಸುದ್ದಿ ಮುಟ್ಟಿಸಿ, ಅಲ್ಲಿಂದ ಒಬ್ಬರು ಮೇಡಂ ನೋಡಲು ಬಂದರು. ಯಜಮಾನ ಗವರ್ನರನ ಮಗಳಿಗೆ ಫೋನು ಮಾಡಿದ. ಅವಳು ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. “ಅದರ ಮೂಲ ಗೊತ್ತಾದ್ರೆ ಮಾತ್ರ ತಗೋತಾರಂತೆ ಕಣಮ್ಮ. ಗೊತ್ತಿಲ್ಲದ್ದಕ್ಕೆ ಅಲ್ಲಿ ಜಾಗ ಇಲ್ಲವಂತೆ. ನಿಮ್ಮಪ್ಪನ್ನ ಒಮ್ಮೆ ಕರ್ಕೊಂಡು ಬಾ.”

ಹಾಗೆ ಗವರ್ನರ್ ಬಾಡಿಗೆ ಗಾಲಿಕುರ್ಚಿಯಲ್ಲಿ ಕೂತು, ಹೆಂಡತಿ ಮಗಳ ಜೊತೆ, ಬಹಳ ದಿನಗಳ ಮೇಲೆ ಇಂಜಿನ್ ಮನೆಗೆ ಬಂದ. ಗೋಡೆಗಳಲ್ಲಿ ಇನ್ನೂ ಅಮೋನಿಯಾದ ಘಾಟು. ಯಾರೂ ಒರೆಸದೆ ಗಾಲಿಯ ಅಂಚಿಗೆ ತುಕ್ಕಿನ ಹೊಪ್ಪಳೆ ಎದ್ದಿತ್ತು. ಮೇಡಂ ಹಣೆಗೆ ಟಾರ್ಚು ಕಟ್ಟಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೀಠದ ಪಕ್ಕ ನೆಲದ ಮೇಲೆ ಮಲಗಿ ನೋಡುತ್ತಿದ್ದರು. ಹಮ್ಮುಬಿಮ್ಮಿಲ್ಲದ ಹೆಂಗಸು. ಎದ್ದು ಕೈಯೊರೆಸಿಕೊಂಡು ಗವರ್ನರನಿಗೆ ಕೈಮುಗಿದರು. ಆಮೇಲೆ ಒಂದು ಹಳೇ ಫೋಟೋ ತೋರಿಸಿದರು. ಯಾವುದೋ ಹಿಮದ ನಾಡಿನ ಕಾರ್ಖಾನೆಯಲ್ಲಿ ಸಾಲಾಗಿ ನಿಂತ ಇಂಜಿನ್‌ಗಳು.

“ಪೀಠದ ಈ ಬಾಗು ನೋಡಿ, ಗಾಲಿಯ ಕಡ್ಡಿಗಳ ತಿರುವು ನೋಡಿ. ಬೇರೆ ಯಾರೂ ಹೀಗೆ ಮಾಡ್ತಿರಲಿಲ್ಲ. ಅಳತೆ ಕೂಡ ಹೊಂದುತ್ತೆ. ನನಗೆ ಅಲ್ಲಿಯದೇ ಅನ್ಸುತ್ತೆ. ಆದ್ರೆ ಇಲ್ಲಿಗೆ ಹೇಗೆ ಬಂತು ಅನ್ನೋದು ಒಂದು ತಿಳಿಯಬೇಕಿತ್ತು.”

ಮಗಳ ಮುಖ ಅರಳಿತು. “ಹಡಗಿನಲ್ಲಿ ಬಂತು ಮೇಡಂ. ಅಪ್ಪ ಯಾವಾಗಲೂ ಹೇಳ್ತಿದ್ರು. ಹಿಮದ ನಾಡಿಂದ ಬರ್ತಿದ್ದ ಹಡಗು ಇಲ್ಲೇ ಬಂದರಿನ ಬಾಯಲ್ಲಿ ಮುಳುಗಿತ್ತಂತೆ.” ಮೀನಿನ ವಿಷಯ ಮಾತ್ರ ಬಿಟ್ಟಳು.

“ಹಾಗಲ್ಲ” ಎಂದ ಗವರ್ನರ್.

ಮೇಡಂ ತಟ್ಟನೆ ಅವನ ಕಡೆ ತಿರುಗಿದರು. “ಹಾಗಲ್ವಾ? ಮತ್ತೆ?”

ಅವನಿಗೆ ಬಹಳ ದಿನಗಳ ಮೇಲೆ ನಾಲಿಗೆಗೂ ಮನಸ್ಸಿಗೂ ಒಂದೇ ಮಾತು ಕೂಡಿಬಂದಿತ್ತು. ಅವನು ಹೇಳಬೇಕೆಂದದ್ದೂ ಅದನ್ನೇ, ಬಂದದ್ದೂ ಅದೇ. ಮುಂದಿನದನ್ನು ಹೇಳಲು ಬಾಯಿ ತೆರೆದ. ಸ್ಟೇಷನ್ ರಸ್ತೆ, ಎರಕದ ಮನೆ, ಅಚ್ಚಿನ ಮಾವ, ಎಲ್ಲ ಗಂಟಲಲ್ಲಿ ಒತ್ತರಿಸಿಕೊಂಡು ನಿಂತವು. “ಹಾಗಲ್ಲ” ಎಂದ, “ಹಾಗಲ್ಲ, ಹಾಗಲ್ಲ.”

ಮಗಳು ಅವನ ಭುಜ ಸವರಿದಳು. “ಅವರಿಗೆ ಅದೊಂದೇ ಮಾತು ಬರೋದು ಮೇಡಂ. ಎಲ್ಲದಕ್ಕೂ ಹಾಗೇ ಅಂತಾರೆ. ಬೇಜಾರು ಮಾಡ್ಕೋಬೇಡಿ.”

ಮೇಡಂ “ಅಯ್ಯೋ ಪಾಪ, ಇರಲಿ ಇರಲಿ” ಎಂದರು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಅದನ್ನು ನೋಡಿ ಗವರ್ನರನಿಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆ ಫೋಟೋದಲ್ಲಿದ್ದದ್ದು ಅಂದು ರಿಪೇರಿಗೆ ಬಂದಿದ್ದಂಥ ಇಂಜಿನ್ನೇ. ಅದನ್ನೇ ಅಲ್ಲವೇ ಅಚ್ಚಿನ ಮಾವ ಅಳೆದು ಕೆತ್ತಿದ್ದು. ನಕಲು ಅಷ್ಟು ಚೆನ್ನಾಗಿ ಆಗಿತ್ತು.

ಮನೆಗೆ ಬಂದ ಮೇಲೆ ಹೆಂಡತಿ ಅನ್ನ ಕಲಸಿ ಬಾಯಿಗಿಡುವಾಗ, “ಅಲ್ಲಿ ಅಂದದ್ದು ಬೇರೆ ಥರ ಇತ್ತು. ಅದು ನಿಜವಾದ ಹಾಗಲ್ಲ. ಹೌದಾ?” ಎಂದಳು. ಅವನು ಹೌದು ಎನ್ನಲು ಹೋದ. ತಲೆ ಅಡ್ಡಡ್ಡ ಅಲ್ಲಾಡಿತು. ಆದರೆ ಕಣ್ಣಲ್ಲಿ ನೀರು ಬಂತು. ಅವಳು ಕಣ್ಣನ್ನೇ ನಂಬಿದಳು. ಕಾಗದ ತಂದು, ಎಡಗೈಗೆ ಪೆನ್ಸಿಲು ಹಿಡಿಸಿದಳು.

ಅವನು ಎರಕದ ಮನೆಯ ದೊಡ್ಡ ಸೌಟು ಬರೆಯಲು ಹೊರಟ. ಕರಗಿದ ಕಬ್ಬಿಣ ತುಂಬಿದ ಪಾತ್ರೆ, ಇಬ್ಬರು ಹಿಡಿಯಲು ಎರಡೂ ಕಡೆ ಉದ್ದದ ಹಿಡಿ. ಎಡಗೈಯಲ್ಲಿ ಗೆರೆ ಸೊಟ್ಟಸೊಟ್ಟ ಬಂದು ಒಂದು ಬಟ್ಟಲು, ಆಚೀಚೆ ಎರಡು ಕಿವಿ ಆಯಿತು. ಹೆಂಡತಿ ಬಹಳ ಹೊತ್ತು ನೋಡಿ, ಒಳಗೆ ಹೋಗಿ ಬಾಣಲೆ ತಂದಳು. “ಇದಾ? ಏನಾದ್ರೂ ಕರಿದು ಕೊಡಲಾ? ಡಾಕ್ಟರು ಎಣ್ಣೆ ಬೇಡ ಅಂದಿದಾರಲ್ರೀ.” ಅವನು ಬಾಣಲೆಯನ್ನೂ ಅವಳ ಮುಖವನ್ನೂ ನೋಡಿದ. ನಗು ಬಂತು. ಬಾಯಿಯ ಒಂದೇ ಮಗ್ಗುಲು ನಕ್ಕಿತು. ಅವಳೂ ನಕ್ಕಳು. ಇಬ್ಬರೂ ಏತಕ್ಕೆ ನಗುತ್ತಿದ್ದೇವೆಂದು ಒಬ್ಬರಿಗೊಬ್ಬರು ಹೇಳಲಾರದೆ ಬಾಣಲೆಯನ್ನು ನಡುವೆ ಇಟ್ಟುಕೊಂಡು ನಕ್ಕರು.

ಮರುದಿನ ಅವನು ಬಾಗಿಲ ಕಡೆ ಕೈ ತೋರಿಸಿ ಹಟ ಹಿಡಿದ. ಹೆಂಡತಿ ಆಟೋ ಕರೆಸಿ, ಡ್ರೈವರಿಗೆ, “ಎಲ್ಲಿಗೆ ಅಂತ ನನಗೂ ಗೊತ್ತಿಲ್ಲಪ್ಪ. ಅವರು ಕೈ ತೋರಿಸಿದ ಕಡೆ ಹೊಡಿ” ಎಂದಳು. ಡ್ರೈವರು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, ಸರಿ ಎಂದು ಹೊರಟ. ಗವರ್ನರನ ಎಡಗೈ ಒಂದು ತಿರುವಿನಲ್ಲೂ ತಪ್ಪಲಿಲ್ಲ. ಸ್ಟೇಷನ್ ರಸ್ತೆ, ಹಳೇ ಗೋದಾಮುಗಳ ಸಾಲು, ಎಡಕ್ಕೆ ಸಂದಿ. ಕೈ ನಿಂತಿತು, ಆಟೋ ನಿಂತಿತು.

ಎದುರಿಗೆ ಗಾಜಿನ ಗೋಡೆಯ ದೊಡ್ಡ ಅಂಗಡಿ. ಒಳಗೆ ಬಚ್ಚಲುಮನೆಯ ಟೈಲ್ಸು, ಬೇಸಿನ್ನು, ಥಳಥಳ ನಲ್ಲಿಗಳು. ಚಿಮಣಿ ಇದ್ದ ಜಾಗದಲ್ಲಿ ಲಿಫ್ಟು. ಮರಳಿನ ರಾಶಿಯಿದ್ದ ಕಡೆ ಹೂಕುಂಡಗಳು. ಗವರ್ನರ್ ಹುಡುಕಿದ, ಒಂದು ಇಟ್ಟಿಗೆ, ಒಂದು ಗೇಟಿನ ಕಂಬ, ಏನಾದರೂ ತೋರಿಸಲು ಉಳಿದಿದೆಯೇ ಎಂದು. ಅಂಗಡಿಯವನು ಓಡಿಬಂದು ಬಾಗಿಲು ತೆರೆದ. “ಬನ್ನಿ ಅಮ್ಮ, ಅಜ್ಜನ್ನ ಒಳಗೆ ಕರ್ಕೊಂಡು ಬನ್ನಿ. ವಯಸ್ಸಾದೋರಿಗೆ ಅಂತಲೇ ಜಾರದೆ ಇರೋ ಟೈಲ್ಸ್ ಬಂದಿದೆ.”

ಹೆಂಡತಿಗೆ ಎಲ್ಲ ಅರ್ಥವಾದಂತಾಯಿತು. “ಇದಕ್ಕಾ ಕರ್ಕೊಂಡು ಬಂದದ್ದು? ಬಚ್ಚಲಲ್ಲಿ ಬಿದ್ದಿರಲ್ಲ, ಅದಕ್ಕೆ ನೆಲ ಬದಲಾಯಿಸಬೇಕು ಅಂತಾನಾ?”

“ಹಾಗಲ್ಲ.”

ಅವಳು ಅವನ ಮುಖವನ್ನು ನೋಡುತ್ತ ನಿಂತಳು. ಏನೋ ಹೊಳೆದವಳಂತೆ ಮೆಲ್ಲಗೆ ಕೇಳಿದಳು: “ಮದುವೆಗೆ ಮುಂಚೆ ನೀವು ಎರಕದ ಕೆಲಸಕ್ಕೆ ಹೋಗ್ತಿದ್ರಿ ಅಂತ ಅತ್ತೆ ಹೇಳ್ತಿದ್ರು. ಅದು ಇಲ್ಲೇ ಇತ್ತಾ?”

ಗುರಿ ಮುಟ್ಟಿಬಿಟ್ಟಿದ್ದಳು. ಅವನ ಮೈಯೆಲ್ಲ ಹೌದು ಎಂದಿತು. ಆ ಒಂದು ಹೌದಿಗಾಗಿ ನಾಲಿಗೆಯನ್ನು ಹಲ್ಲಿಗೆ ಒತ್ತಿ, ಉಸಿರು ಕಟ್ಟಿ, ಕುತ್ತಿಗೆಯ ನರ ಉಬ್ಬಿಸಿ ಪ್ರಯತ್ನಪಟ್ಟ. ಬಂದದ್ದು, ಎಂದಿಗಿಂತ ಸ್ಪಷ್ಟವಾಗಿ, ಎಂದಿಗಿಂತ ಜೋರಾಗಿ, “ಹಾಗಲ್ಲ.” ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ.

“ಆಯ್ತು, ಆಯ್ತು. ಅಲ್ಲ ಅಂದ್ರೆ ಅಲ್ಲ, ಬಿಡಿ” ಎಂದು ಹೆಂಡತಿ ಅವನ ಹಣೆಯ ಬೆವರೊರೆಸಿದಳು. ಆಟೋ ತಿರುಗಿತು.

ಇಂಜಿನ್ನನ್ನು ಮ್ಯೂಸಿಯಂಗೆ ಸಾಗಿಸುವ ದಿನ ಅವಳು ತಾನಾಗಿಯೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಇಷ್ಟು ವರ್ಷ ಜೊತೆಗಿದ್ದದ್ದು, ಕಳಿಸಿಕೊಡುವಾಗ ಇರದಿದ್ದರೆ ಹೇಗೆ ಎಂದು. ಮೇಡಂ ಬಂದಿರಲಿಲ್ಲ, ಹಡಗಿನ ಕಥೆಯನ್ನೇ ಮೂಲವೆಂದು ಬರೆದು ಕಾಗದಪತ್ರ ಮುಗಿಸಿದ್ದರು. ಬಂದಿದ್ದವರು ಹಮಾಲಿ ಮೇಸ್ತ್ರಿಯೂ ಅವನ ಆಳುಗಳೂ. ಗಾಲಿ, ಸಿಲಿಂಡರು ಆಗಲೇ ಲಾರಿ ಹತ್ತಿದ್ದವು. ಪೀಠದ ಬೋಲ್ಟುಗಳನ್ನು ಕೊಯ್ದು, ಚೈನು ಬಿಗಿದು, ಕ್ರೇನಿನಿಂದ ಎತ್ತುತ್ತಿದ್ದರು. ಪೀಠ ನೆಲ ಬಿಟ್ಟು ಮೇಲೆದ್ದಿತು. ಒಂದು ಕಡೆ ವಾಲಿತು. ವರ್ಷಗಟ್ಟಲೆ ಎಣ್ಣೆ ಹೀರಿದ ಜಿಡ್ಡಿನ ಚಕ್ಕೆ ಉದುರಿ, ಅದರ ಹೊಟ್ಟೆ ಕಾಣಿಸಿತು.

ಅಲ್ಲಿ ಅಂಗೈಯಗಲದ ಒಂದು ಗುರುತು ಉಬ್ಬಿಕೊಂಡಿತ್ತು: ಬಡಗಿಯ ಮೂಲೆಮಟ್ಟ. ಒಂದು ಉದ್ದದ ಗೆರೆ, ಅದಕ್ಕೆ ನೆಟ್ಟಗೆ ಸೇರಿದ ಒಂದು ಗಿಡ್ಡ ಗೆರೆ. ಗವರ್ನರ್ ಗಾಲಿಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. ಅಚ್ಚಿನ ಮಾವ ತಾನು ಕೆತ್ತಿದ ದೊಡ್ಡ ಅಚ್ಚುಗಳಿಗೆಲ್ಲ, ಯಾರ ಕಣ್ಣಿಗೂ ಬೀಳದ ಕಡೆ, ಈ ಗುರುತು ಇಡುತ್ತಿದ್ದ. ಗವರ್ನರನೇ ಅದನ್ನು ಮರೆತುಬಿಟ್ಟಿದ್ದ. ಹೆಸರು ಬೇಡವೆಂದವರಿಗೆ ಗೊತ್ತಾಗದ ಹಾಗೆ ಮುದುಕ ತನ್ನ ರುಜು ಹಾಕಿಯೇ ಕಳಿಸಿದ್ದ.

“ಹಾಗಲ್ಲ” ಎಂದು ಕೂಗಿದ, ಎಡಗೈ ಎತ್ತಿ ತೋರಿಸುತ್ತ.

ಮೇಸ್ತ್ರಿ ಕೈಯೆತ್ತಿ ಕ್ರೇನು ನಿಲ್ಲಿಸಿದ. ಹಳೇ ಇಂಜಿನ್ನಿನವನ ಮಾತೆಂದರೆ ಅವನಿಗೆ ಮರ್ಯಾದೆ. “ಅಜ್ಜ ಚೈನು ಸರಿ ಇಲ್ಲ ಅಂತಿದಾರೆ. ಈ ಕಡೆ ತಗೊಳ್ರೋ” ಎಂದು ಇಳಿಸಿ, ಚೈನನ್ನು ಬೇರೆ ಕಡೆ ಹಾಕಿಸಿ, ಮತ್ತೆ ಎತ್ತಿಸಿದ. ಗುರುತು ಮತ್ತೆ ಕಾಣಿಸಿತು.

“ಹಾಗಲ್ಲ.”

ಮತ್ತೆ ಇಳಿಸಿದರು, ಮತ್ತೆ ಬಿಗಿದರು, ಮತ್ತೆ ಎತ್ತಿದರು.

“ಹಾಗಲ್ಲ, ಹಾಗಲ್ಲ.”

“ಹೇಗೆ ಮತ್ತೆ ಅಜ್ಜ?” ಮೇಸ್ತ್ರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಸಿಲಿಗೆ ದಣಿದಿದ್ದ. “ಇದ್ದದ್ದು ಇದೊಂದೇ ದಾರಿ.”

ಹೆಂಡತಿ ಚೈನಿನ ಕಡೆ ನೋಡುತ್ತಿರಲಿಲ್ಲ. ಗಂಡನ ಕಣ್ಣು ಎಲ್ಲಿ ನೆಟ್ಟಿದೆಯೋ ಅಲ್ಲಿ ನೋಡುತ್ತಿದ್ದಳು. ಆಳುಗಳು ಬೇಡ ಬೇಡ ಎನ್ನುತ್ತಿದ್ದರೂ ತೂಗುತ್ತಿದ್ದ ಪೀಠದ ಹತ್ತಿರ ಬಗ್ಗಿ, ಸೆರಗಿನಿಂದ ಜಿಡ್ಡು ಒರೆಸಿದಳು. “ಮೇಸ್ತ್ರಿ, ಇದೇನು ಗುರುತು?”

“ಎರಕ ಹೊಯ್ಯೋರು ಇಡ್ತಾರಮ್ಮ. ಯಾರದೋ.”

ಅವಳು ಗಂಡನ ಹತ್ತಿರ ಬಂದು ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೊನ್ನೆಯ ಬಟ್ಟಲು, ಎರಡು ಕಿವಿ, ಸ್ಟೇಷನ್ ರಸ್ತೆ, ಟೈಲ್ಸ್ ಅಂಗಡಿ ಎಲ್ಲ ಒಂದಕ್ಕೊಂದು ಕೂಡಿಕೊಂಡು ಬರುತ್ತಿರುವುದನ್ನು ಅವನು ಅವಳ ಮುಖದಲ್ಲೇ ಕಂಡ. “ಇದು ಇಲ್ಲೇ ಹುಟ್ಟಿದ್ದು” ಎಂದಳು. ಕೇಳಲಿಲ್ಲ, ಹೇಳಿದಳು. “ನೀವೆಲ್ಲ ಸೇರಿ ಮಾಡಿದ್ದು. ಹಡಗೂ ಇಲ್ಲ, ಗಿಡಗೂ ಇಲ್ಲ.”

ಅವನು ಅವಳ ಕೈಯನ್ನು ಎಡಗೈಯಲ್ಲಿ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡ. ಅವಳ ಕೈಯ ಜಿಡ್ಡು ಅವನ ಕೆನ್ನೆಗೆ ಹತ್ತಿತು.

ಅವಳು ಅಲ್ಲಿಂದಲೇ ಮಗಳಿಗೆ ಫೋನು ಮಾಡಿದಳು. ಮಗಳು ಎಲ್ಲ ಕೇಳಿ ಹೇಳಿದಳು: “ಇರಬಹುದಮ್ಮ. ಆದ್ರೆ ತೋರಿಸೋಕೆ ಏನಿದೆ? ಒಂದು ಗೆರೆ. ಎರಕದ ಮನೆಯೂ ಇಲ್ಲ, ಜನರೂ ಇಲ್ಲ, ಅಪ್ಪನ ಬಾಯೂ ಇಲ್ಲ. ಈಗ ನಾವು ಹಡಗಿನ ಕಥೆ ಸುಳ್ಳು ಅಂದ್ರೆ ಮೇಡಂ ಮೂಲ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ. ಅವರಿಗೆ ಬೇಡ ಅಂತಾದ್ರೆ ಸಂಜೆಯೊಳಗೆ ಗುಜರಿಯವನು ಗ್ಯಾಸ್ ಕಟರ್ ಹಿಡ್ಕೊಂಡು ಬರ್ತಾನೆ. ಅಪ್ಪನ್ನೇ ಕೇಳು.”

ಹೆಂಡತಿ ಫೋನನ್ನು ಎದೆಗೆ ಒತ್ತಿಕೊಂಡು ಅವನ ಕಡೆ ಬಗ್ಗಿದಳು. “ಹೇಳಿದ್ರೆ ಒಡೆದುಹಾಕಬಹುದಂತೆ. ಹೇಳದೆ ಇದ್ರೆ ಪರದೇಶದ್ದು ಅಂತ ಉಳಿಯುತ್ತೆ. ಹೇಳಲಾ, ಬೇಡವಾ?”

ಪೀಠ ಕ್ರೇನಿನಲ್ಲಿ ತೂಗುತ್ತಿತ್ತು. ಮೇಸ್ತ್ರಿ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ. ಗವರ್ನರ್ ಮುದುಕನ ಗುರುತನ್ನು ನೋಡಿದ. ಆ ಮಾತು ಹೇಳಿದರೆ ಇದು ತುಂಡಾಗುತ್ತದೆ, ಹೇಳದಿದ್ದರೆ ಆ ಮುದುಕ ಇಲ್ಲವಾಗುತ್ತಾನೆ. ಇಷ್ಟು ದಿನ ತನ್ನ ಮನಸ್ಸಾದರೂ ಅವನಿಗೆ ಗೊತ್ತಿತ್ತು, ಹೇಳಲು ಬಾಯಿಲ್ಲದಿದ್ದುದೊಂದೇ ಕಷ್ಟ. ಈಗ ಬಾಯಿ ಇದ್ದಿದ್ದರೂ ಏನು ಹೇಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

“ಹಾಗಲ್ಲ” ಎಂದ.

ಅವಳು ಅದರ ರಾಗವನ್ನು ಕಿವಿಗೊಟ್ಟು ಕೇಳಿದಳು. ಬೇಸರದ್ದಲ್ಲ, ಬೇಕೆನ್ನುವುದಲ್ಲ, ಅವಳನ್ನು ಕರೆದದ್ದೂ ಅಲ್ಲ. ಅವಳಿಗೆ ಗೊತ್ತಿದ್ದ ಯಾವುದಕ್ಕೂ ಹೊಂದಲಿಲ್ಲ. ಫೋನೆತ್ತಿ, “ಬೇಡ ಬಿಡು, ಹೋಗಲಿ” ಎಂದಳು. ಎದ್ದು ನಿಂತು ಮೇಸ್ತ್ರಿಗೆ ಕೈಬೀಸಿದಳು. ಪೀಠ ಲಾರಿಯೊಳಗೆ ಮಗ್ಗುಲಾಗಿ ಇಳಿಯಿತು. ತುಕ್ಕು ಹಿಡಿಯದಿರಲೆಂದು ಒಬ್ಬ ಆಳು ಕೆಂಪು ಬಣ್ಣದ ಡಬ್ಬಿ ತೆರೆದು ತಳದಿಂದಲೇ ಬಳಿಯತೊಡಗಿದ.

ಕೆಲವು ತಿಂಗಳ ಮೇಲೆ ಮಗಳು ಆ ದೊಡ್ಡ ಊರಿಗೆ ಹೋದವಳು ಮ್ಯೂಸಿಯಂಗೂ ಹೋಗಿಬಂದಳು. ಊರಿಗೆ ಮರಳಿದ ಮೇಲೆ ಒಂದು ಸಂಜೆ ಅಂಗಡಿ ಮುಗಿಸಿ ನೇರ ಮನೆಗೆ ಬಂದು, ಅಪ್ಪನ ಪಕ್ಕದಲ್ಲಿ ಕೂತು ಫೋನಿನಲ್ಲಿ ಅಲ್ಲಿ ತೆಗೆದ ವಿಡಿಯೋ ಹಾಕಿದಳು. ಇಂಜಿನ್ನಿಗೆ ಹೊಸ ಹಸಿರು ಬಣ್ಣ ಹಚ್ಚಿದ್ದರು. ಮುಂದೆ ಹೊಳೆಯುವ ಫಲಕ, ಅದರ ಮೇಲೆ ಹಿಮದ ನಾಡಿನ ಹೆಸರು. ಉರಿಸುವಂತಿಲ್ಲವಾದ್ದರಿಂದ ಒಳಗೆ ಎಲ್ಲೋ ಸಣ್ಣ ಮೋಟಾರು ಬಚ್ಚಿಟ್ಟು ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ತಲೆ ತಣ್ಣಗೇ ಇತ್ತು. ಶಾಲೆಯ ಮಕ್ಕಳು ಕಂಬಿಗೆ ಆತುಕೊಂಡು ನೋಡುತ್ತಿದ್ದರು.

ಗವರ್ನರ್ ಫೋನನ್ನು ಹತ್ತಿರ ತಂದು ಹಿಡಿದ. ಇಂಥ ಇಂಜಿನ್‌ಗಳು ತಳ್ಳಿದ ಕಡೆಗೆ ತಿರುಗುತ್ತವೆ. ಅವನ ಕೈಯಲ್ಲಿದ್ದಷ್ಟು ಕಾಲವೂ ಗಾಲಿಯ ನೆತ್ತಿ ಸಿಲಿಂಡರಿನಿಂದ ಆಚೆಗೆ ಹೋಗುವ ಹಾಗೆ ಅವನು ತಳ್ಳುತ್ತಿದ್ದ. ಇಲ್ಲಿ ಅದು ಉಲ್ಟಾ ತಿರುಗುತ್ತಿತ್ತು. ಅವನು ಎಡಗೈಯ ತೋರುಬೆರಳಿನಿಂದ ಗಾಳಿಯಲ್ಲಿ, ಹೀಗೆ, ಹೀಗೆ ಎಂದು ಒಂದು ಸುತ್ತು ಬರೆದು ತೋರಿಸಿದ.

“ಹೌದಪ್ಪ, ತಿರುಗ್ತಾ ಇದೆ ನೋಡು, ಎಷ್ಟು ಚೆನ್ನಾಗಿ ತಿರುಗ್ತಾ ಇದೆ” ಎಂದು ಮಗಳು ಸಂತೋಷದಿಂದ ಅವನ ಬೆನ್ನು ಸವರಿದಳು. ಅವನು ಇನ್ನೊಮ್ಮೆ ಬರೆದು ತೋರಿಸಿದ. ಅವಳು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದಳು.